ಸಂಪಾದಕರ ಉತ್ತರ: ನಂಬರಿನ ಜಗಳ ಬಿಡಿ, ನಮ್ಮೂರ ಹೆಣ್ಣುಮಗಳನ್ನು ನೋಡಿ

ಬಳ್ಳಾರಿಯ ಕೌಲ್ ಬಜಾರಿನಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ. ಹಿಂದಿನ ಸಂಚಿಕೆಯಲ್ಲಿ, ರಾಜ್‌ಕುಮಾರ್ ಸಿಐಡಿ 999 ಅನ್ನುವ ಪತ್ತೇದಾರನಾಗಿ ಬಂದ 'ಜೇಡರ ಬಲೆ'ಯನ್ನು ಕನ್ನಡದ ಮೊದಲ ಜೇಮ್ಸ್‌ಬಾಂಡ್ ಮಾದರಿ ಸಿನಿಮಾ ಎಂದು ನಾವು ಹೊಗಳಿದ್ದು ಅವರಿಗೆ ಹಿಡಿಸಿಲ್ಲ. ರಾಯಲ್ ಸರ್ಕಲ್ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ಮುಂದಿಟ್ಟುಕೊಂಡು ಗೆಳೆಯರ ನಡುವೆ ಇದೇ ಮಾತಂತೆ. ಅವರ ಮಾತಿನಲ್ಲೇ ಕೇಳಿ:

"ಸಂಪಾದಕ್ರೇ, ತೆಲುಗಿನ ಕೃಷ್ಣ ಅವರ 'ಗೂಢಚಾರಿ 116' ಎರಡು ವರ್ಷ ಮೊದಲೇ ಬಂದಿತ್ತು. ನಿಮ್ಮ 999 ಅದರ ನಕಲು. ಅಣ್ಣಾವ್ರು ದೇವರ ಪಾತ್ರಕ್ಕೆ ಸೈ, ಪಿಸ್ತೂಲು ಅವರ ಕೈಗೆ ಒಪ್ಪಂಗಿಲ್ಲ. ಅದೂ ನಲವತ್ತರ ಹತ್ತಿರ ಬಂದ ಮೇಲೆ! ರಾಯಚೂರಿನ ದೋಸ್ತ ಅಂತೂ ಎರಡೂ ಬ್ಯಾಡ, ಜಿತೇಂದ್ರನ 'ಫರ್ಜ್' ಮುಂದೆ ಇವು ನಿಲ್ಲಂಗಿಲ್ಲ ಅಂತಾನೆ. ನೀವೇ ಒಂದು ತೀರ್ಮಾನ ಹೇಳ್ರಿ."

ಹೇಳೋಣ, ಅದಕ್ಕೇನಂತೆ.

ಇಸವಿಯ ವಿಷಯದಲ್ಲಿ ಜಗಳವೇ ಇಲ್ಲ. 'ಗೂಢಚಾರಿ 116' ಬಂದದ್ದು 1966ರಲ್ಲಿ, 'ಜೇಡರ ಬಲೆ' 1968ರಲ್ಲಿ. ನಾವು ಬರೆದದ್ದು 'ಕನ್ನಡದ ಮೊದಲನೆಯದು' ಅಂತ. ಇನ್ನೊಮ್ಮೆ ತೆಗೆದು ನೋಡಿ. ನಡುವೆ 1967ರಲ್ಲಿ ಬಂದ 'ಫರ್ಜ್' ನಿಮ್ಮ ತೆಲುಗು ಸಿನಿಮಾದ್ದೇ ಹಿಂದಿ ರೀಮೇಕು. ಜಿತೇಂದ್ರ ಅವರ ಏಜೆಂಟ್ ನಂಬರೂ 116. ರಾಯಚೂರಿನ ದೋಸ್ತರಿಗೆ ಇದನ್ನು ಮೆಲ್ಲಗೆ ಹೇಳಿ, ಬೇಜಾರಾದಾರು. ಇನ್ನು ನಕಲಿನ ಮಾತು. 1962ರ 'ಡಾಕ್ಟರ್ ನೋ'ದಿಂದ ಶುರುವಾದ 007ರ ಹುಚ್ಚು ಇಲ್ಲದಿದ್ದರೆ 116 ಎಲ್ಲಿತ್ತು, 999 ಎಲ್ಲಿತ್ತು? ಎಲ್ಲರೂ ಒಂದೇ ಬಾವಿಯಲ್ಲಿ ನೀರು ಸೇದಿದವರು. ಮೊದಲು ಸೇದಿದವರ ನೀರು ಮಾತ್ರ ಸಿಹಿ ಅನ್ನುವುದು ಯಾವ ನ್ಯಾಯ?

ಅಂದಹಾಗೆ, ಈ ಜಗಳ ಮೈಸೂರು-ಮಂಡ್ಯದಲ್ಲಿ ಹುಟ್ಟುವುದು ಕಷ್ಟ. ನಮ್ಮ ಕಡೆ ಹುಟ್ಟದೇ ಇದ್ದರೇ ಆಶ್ಚರ್ಯ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಆಂಧ್ರ ಬೇರೆಯಾದಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು, ನಾವು ಇತ್ತ ಬಂದೆವು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದು 1956ರಲ್ಲಿ ಬಂದು ಸೇರಿದವು. ಹೀಗಾಗಿ ಬಳ್ಳಾರಿಯವರಿಗೆ ತೆಲುಗು ಸಿನಿಮಾ ಮನೆಯದೇ, ರಾಯಚೂರಿನವರಿಗೆ ಹಿಂದಿ-ಉರ್ದುವಿನ ರುಚಿ ಹತ್ತಿದ್ದೂ ಸಹಜ. ಒಂದೇ ಮೇಜಿನ ಸುತ್ತ ಕೃಷ್ಣ, ರಾಜ್‌ಕುಮಾರ್, ಜಿತೇಂದ್ರ ಮೂವರೂ ಕೂತಿರುವುದು ನಮ್ಮ ಭಾಗ್ಯ ಅಂತಲೇ ನಾನು ತಿಳಿದಿದ್ದೇನೆ. ಬಳ್ಳಾರಿ ರಾಘವರು ತೆಲುಗು, ಕನ್ನಡ ಎರಡೂ ರಂಗದ ಮೇಲೆ ಮೆರೆದ ಊರು ಇದು. ಭಾಷೆ ಹಿಡಿದು ಜಗಳಕ್ಕೆ ನಿಲ್ಲುವುದು ನಮಗೆ ಒಪ್ಪುವುದಿಲ್ಲ.

ವಯಸ್ಸಿನ ಮಾತನ್ನು ಮಾತ್ರ ನಾನು ಸುಮ್ನೆ ಬಿಡುವುದಿಲ್ಲ. ರಾಜ್‌ಕುಮಾರ್ ಹುಟ್ಟಿದ್ದು 1929ರ ಏಪ್ರಿಲ್‌ನಲ್ಲಿ. ನೀವು ಪತ್ರದ ಎರಡನೇ ಪುಟದಲ್ಲಿ ಬಾಯಿತುಂಬ ಹೊಗಳಿದ, 'ಡಾಕ್ಟರ್ ನೋ'ದ ಬಾಂಡ್ ಶಾನ್ ಕಾನರಿ 1930ರ ಆಗಸ್ಟ್‌ನಲ್ಲಿ. ಒಂದೂವರೆ ವರ್ಷದ ಅಂತರವೂ ಇಲ್ಲ. ರೋಜರ್ ಮೂರ್ ಮೊದಲ ಸಲ ಬಾಂಡ್ ಆಗಿ ತೆರೆಗೆ ಬಂದಾಗ ಅವರಿಗೆ 45. ಅವರಿಗೆಲ್ಲ ಸೈ, ಅಣ್ಣಾವ್ರಿಗೆ ಮಾತ್ರ ವಯಸ್ಸಾಯಿತೇ?

ಕೃಷ್ಣ ಅವರ ಜೊತೆ ಹೋಲಿಸುವುದಾದರೆ ಒಂದು ವಿಷಯ ನೆನಪಿಡಬೇಕು. ಅವರಿಗೆ ಅದು ಮೂರನೇ ಸಿನಿಮಾ. 'ತೇನೆ ಮನಸುಲು' ಬಂದು ಒಂದು ವರ್ಷವಾಗಿತ್ತಷ್ಟೇ. ಜನರ ತಲೆಯಲ್ಲಿ ಅವರ ಹಳೆಯ ರೂಪವೇ ಇಲ್ಲ. ಹುಡುಗ ಓಡಿದ, ಹಾರಿದ, ಹೊಡೆದ, ಜನ ನಂಬಿದರು. ಆ ಸಿನಿಮಾವೇ ಅವರನ್ನು ಆಂಧ್ರದ ಜೇಮ್ಸ್‌ಬಾಂಡ್ ಮಾಡಿತು. ರಾಜ್‌ಕುಮಾರ್ ಕಥೆ ಬೇರೆ. 1954ರಲ್ಲಿ ಬೇಡರ ಕಣ್ಣಪ್ಪನಾಗಿ ಬಂದವರು. ಆಮೇಲೆ ಕನಕದಾಸ, ಕಬೀರ, ರಣಧೀರ ಕಂಠೀರವ, ಇಮ್ಮಡಿ ಪುಲಿಕೇಶಿ. ಜನ ಅವರ ಚಿತ್ರಕ್ಕೆ ಕೈಮುಗಿಯುವ ಹಂತಕ್ಕೆ ಬಂದಿದ್ದರು. ಅದೇ 1968ರಲ್ಲಿ 'ಮಣ್ಣಿನ ಮಗ', 'ಹಣ್ಣೆಲೆ ಚಿಗುರಿದಾಗ', ಅವರ ನೂರನೇ ಸಿನಿಮಾ 'ಭಾಗ್ಯದ ಬಾಗಿಲು' ಎಲ್ಲ ಬಂದವು. ಅಂಥವರು ಕೋಟು ತೊಟ್ಟು ಸಿಐಡಿ 999 ಅಂತ ಬಂದರೆ ಜನ ನಕ್ಕುಬಿಡುವ ಸಾಧ್ಯತೆಯೇ ಜಾಸ್ತಿ ಇತ್ತು. ನಗಲಿಲ್ಲ ಅಲ್ವಾ? ಅದೇ ವರ್ಷ ಇನ್ನೊಂದು 999 ಬೇಕಾಯಿತು.

ಯಾಕೆ ನಗಲಿಲ್ಲ ಅಂದರೆ, ಅವರು ತಗ್ಗಿಸಿದರು. ಇದನ್ನು ನೀವು ಇನ್ನೊಮ್ಮೆ ಸಿನಿಮಾ ಹಾಕಿಕೊಂಡು ನೋಡಬೇಕು. ಅವರು ನಾಟಕ ಕಂಪನಿಯಲ್ಲಿ ಬೆಳೆದವರು, ದನಿ ಕಟ್ಟಕಡೆಯ ಬೆಂಚಿಗೂ ಮುಟ್ಟಬೇಕು ಅನ್ನುವ ಪಾಠ ಕಲಿತವರು. ಪುಲಿಕೇಶಿಯಲ್ಲಿ ತೋಳು, ಎದೆ, ಹುಬ್ಬು ಎಲ್ಲವೂ ಮಾತಾಡುತ್ತವೆ. ಇಲ್ಲಿ ಆ ಭುಜ ಇಳಿದಿದೆ, ದನಿ ಇಳಿದಿದೆ. ಮಾತು ಮುಗಿದ ಮೇಲೆ ಎದುರಿನವನ ಮುಖವನ್ನು ಅರೆಗಳಿಗೆ ಜಾಸ್ತಿ ನೋಡುತ್ತಾರೆ, ಅಷ್ಟೇ. ಪಿಸ್ತೂಲು ಕೈಗೆ ಒಪ್ಪಿತೋ ಇಲ್ಲವೋ ಅನ್ನುವುದಕ್ಕಿಂತ ನನಗೆ ಆ ನೋಟ ದೊಡ್ಡದು.

ಹೊಡೆದಾಟದಲ್ಲಿ ನೀವು ಗೆದ್ದಿರಿ. ಇವತ್ತು ನೋಡಿದರೆ ಗುದ್ದು ಬೀಳುವ ಮೊದಲೇ ಸದ್ದು ಕೇಳಿದ ಹಾಗಿದೆ. ಕಥೆ ಬಿಗಿಯಾಗುವ ಹೊತ್ತಿಗೆ ಹಾಡು ಬರುತ್ತದೆ. ಓಟದಲ್ಲಿ 116 ಮುಂದೆ. ಒಪ್ಪಿದೆ.

ಆದರೆ ಈ ಎರಡು ಸಿನಿಮಾಗಳ ಹಿಂದೆ ಇದ್ದವರನ್ನು ನೋಡಿದ್ದೀರಾ? 'ಗೂಢಚಾರಿ 116'ಕ್ಕೆ ಕ್ಯಾಮೆರಾ ಹಿಡಿದವರು ರವಿಕಾಂತ್ ನಗಾಯಿಚ್. 'ಫರ್ಜ್' ನಿರ್ದೇಶಿಸಿದ್ದೂ ಅವರೇ. 'ಜೇಡರ ಬಲೆ' ನಿರ್ದೇಶಿಸಿದ್ದು ದೊರೈ-ಭಗವಾನ್ ಜೋಡಿ. ಅದರಲ್ಲಿ ದೊರೈ ಮೂಲತಃ ಕ್ಯಾಮೆರಾದವರು. ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಬಾಂಡ್ ಸಿನಿಮಾದವರ ಹತ್ತಿರ ಬಣ್ಣವಿತ್ತು, ದುಡ್ಡಿತ್ತು, ಸೀಟು ಸಮೇತ ಮನುಷ್ಯನನ್ನು ಎಸೆಯುವ ಕಾರಿತ್ತು. ನಮ್ಮವರ ಹತ್ತಿರ ಇದ್ದದ್ದು ನೆರಳು. ಒಂದು ಮೇಜು, ಒಂದು ಪರದೆ, ಗೋಡೆಗೆ ನಾಲ್ಕು ಮಿಣಿಮಿಣಿ ಬಲ್ಬು. ಬೆಳಕನ್ನು ಒಂದೇ ಪಕ್ಕದಿಂದ ಬಿಟ್ಟರೆ ಅದು ಖದೀಮರ ಅಡ್ಡೆ. ಎಲ್ಲ ಲೈಟು ಹಾಕಿದರೆ ಮದ್ರಾಸಿನ ಸ್ಟುಡಿಯೋ. ಕಪ್ಪು-ಬಿಳುಪಿನ ಪತ್ತೇದಾರಿ ಸಿನಿಮಾ ನಿಂತದ್ದೇ ಈ ಜಾಣತನದ ಮೇಲೆ. ನಿಮ್ಮ ಮೊಬೈಲಿನಲ್ಲಿ ನೋಡುವಾಗ ಬ್ರೈಟ್‌ನೆಸ್ ಪೂರ್ತಿ ಏರಿಸಬೇಡಿ, ಅಡ್ಡೆ ಹೋಗಿ ಸ್ಟುಡಿಯೋ ಕಂಡುಬಿಡುತ್ತದೆ. ಇದೇ ಜೋಡಿ ಮುಂದೆ 1971ರಲ್ಲಿ 'ಕಸ್ತೂರಿ ನಿವಾಸ' ಮಾಡಿತು ಅನ್ನುವುದನ್ನು ನೆನೆದರೆ ನನಗೆ ಈಗಲೂ ಬೆರಗು.

ಈಗ ನನ್ನ ತಕರಾರು. ನಾಲ್ಕು ಪುಟದ ಪತ್ರದಲ್ಲಿ ಕೃಷ್ಣ, ರಾಜ್, ಜಿತೇಂದ್ರ, ಕಾನರಿ ಎಲ್ಲರೂ ಇದ್ದಾರೆ. ಜಯಂತಿ ಹೆಸರು ಒಂದು ಕಡೆಯೂ ಇಲ್ಲ. ಬಳ್ಳಾರಿಯಲ್ಲಿ ಕೂತು 'ಜೇಡರ ಬಲೆ' ಬಗ್ಗೆ ವಾದ ಮಾಡುತ್ತೀರಿ, ಅದರ ನಾಯಕಿ ಬಳ್ಳಾರಿಯಲ್ಲೇ ಹುಟ್ಟಿದವರು ಅನ್ನುವುದು ಯಾರ ನೆನಪಿಗೂ ಬರಲಿಲ್ಲವೇ? 1945ರಲ್ಲಿ ಇಲ್ಲಿ ಹುಟ್ಟಿದ ಕಮಲಾ ಕುಮಾರಿಯೇ 1963ರ 'ಜೇನುಗೂಡು' ಮೂಲಕ ಜಯಂತಿಯಾದರು. 1965ರ 'ಮಿಸ್ ಲೀಲಾವತಿ'ಯಲ್ಲಿ ಈಜುಡುಗೆ ತೊಟ್ಟು ಬಂದರು. ಬೇರೆ ನಾಯಕಿಯರು ಸೆರಗು ಸರಿಮಾಡಿಕೊಳ್ಳುತ್ತಿದ್ದ ಕಾಲ ಅದು. ಹಾಗೆ ಧೈರ್ಯ ತೋರಿಸಿದವರು ಮೂರು ವರ್ಷದ ಮೇಲೆ 999ರ ಎದುರು ನಿಂತರೆ ಅಂಜಿಕೆ ಎಲ್ಲಿಂದ ಬರಬೇಕು? ರಾಜ್ ದನಿ ತಗ್ಗಿಸಿದರೆ ಈಕೆಯೂ ತಗ್ಗಿಸುತ್ತಾರೆ. ಅವರು ನೋಡಿದರೆ ಈಕೆ ತಲೆ ಬಾಗಿಸುವುದಿಲ್ಲ. ಬಾಂಡ್ ಮಾದರಿ ಸಿನಿಮಾದಲ್ಲಿ ನಾಯಕಿಯನ್ನು ಹೂದಾನಿಯಂತೆ ಇಡುವುದೇ ರೂಢಿ, ಆ ರೂಢಿಯಲ್ಲೂ ಈಕೆ ಜೀವಂತ. 1973ರಲ್ಲಿ 'ಎಡಕಲ್ಲು ಗುಡ್ಡದ ಮೇಲೆ' ಬಂದಾಗ ಎಲ್ಲರೂ ಬೆರಗಾದರು. ಆ ಬಿಸುಪು ಇಲ್ಲೇ ಸಣ್ಣಗೆ ಕಾಣುತ್ತದೆ ಅನ್ನುವುದು ನನ್ನ ಅನಿಸಿಕೆ. 2021ರ ಜುಲೈನಲ್ಲಿ ಅವರು ತೀರಿಕೊಂಡರು.

ಇನ್ನೂ ಒಂದು ಕೇಳಿ. ನಿಮ್ಮ ತೆಲುಗು 116ರ ನಾಯಕಿ ಜಯಲಲಿತಾ. ಅವರು ಹುಟ್ಟಿದ್ದು ಮೇಲುಕೋಟೆಯಲ್ಲಿ, ನಾಯಕಿಯಾಗಿ ಮೊದಲು ಬಂದದ್ದು 1964ರ ಕನ್ನಡದ 'ಚಿನ್ನದ ಗೊಂಬೆ'ಯಲ್ಲಿ. ಅಲ್ಲಿಗೆ ಎರಡೂ ಪಂಗಡದ ನಾಯಕಿಯರು ನಮ್ಮ ನಾಡಿನವರೇ ಆದರು! ಗಂಡಸರ ನಂಬರು ಲೆಕ್ಕ ಹಾಕುವ ಭರದಲ್ಲಿ ಇದೇ ತಪ್ಪಿಹೋಗಿದೆ. ಅದೇ 1968ರಲ್ಲಿ ಬಂದ ಎರಡನೇ 999, 'ಗೋವಾದಲ್ಲಿ ಸಿಐಡಿ 999', ಲಕ್ಷ್ಮಿಯವರನ್ನು ಕನ್ನಡಕ್ಕೆ ತಂದಿತು. ಮರುವರ್ಷದ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' ರೇಖಾ ಅವರನ್ನು ನಾಯಕಿ ಮಾಡಿತು, ಬಾಂಬೆ ಅವರನ್ನು ಗುರುತಿಸುವ ಮೊದಲು.

ನಾಲ್ಕನೆಯದು, 1978ರ 'ಆಪರೇಷನ್ ಡೈಮಂಡ್ ರಾಕೆಟ್', ನನಗೆ ಅಷ್ಟಕ್ಕಷ್ಟೆ. ಬಣ್ಣ ಬಂತು, ನೆರಳು ಹೋಯಿತು. ಆದರೂ ಅಣ್ಣಾವ್ರೇ ಹಾಡಿದ 'ಇಫ್ ಯೂ ಕಮ್ ಟುಡೇ' ಇವತ್ತಿನ ಹುಡುಗರ ಬಾಯಲ್ಲೂ ಇದೆ. ನಗುತ್ತಾ ಹಾಡುತ್ತಾರೆ, ಪೂರ್ತಿ ಬಾಯಿಪಾಠವೂ ಇರುತ್ತದೆ. ಇಂಥ ಅಭಿಮಾನಕ್ಕೆ ಏನನ್ನಬೇಕೋ.

ತೀರ್ಮಾನ ಕೇಳಿದಿರಿ. ಓಟಕ್ಕೆ 'ಗೂಢಚಾರಿ', ಹಾಡಿಗೆ 'ಫರ್ಜ್', ಮುಖಗಳನ್ನು ನೋಡುತ್ತ ಕೂರುವುದಕ್ಕೆ 'ಜೇಡರ ಬಲೆ'. ನನ್ನನ್ನು ಒಂದೇ ಆರಿಸು ಅಂದರೆ ಮೂರನೆಯದು. ರಾಯಚೂರಿನ ದೋಸ್ತರಿಗೆ ಒಪ್ಪಿಗೆ ಇಲ್ಲದಿದ್ದರೆ ಅವರೇ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇವೆ. ಎರಡು ಪುಟ ಮೀರದಿರಲಿ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಲಿ. ನಿಮ್ಮ ಪತ್ರದ ಮೂರನೇ ಪುಟದ ಹಿಂಬದಿ ಓದಲು ನಮ್ಮ ಉಪಸಂಪಾದಕರು ಅದನ್ನು ಕಿಟಕಿಗೆ ಹಿಡಿಯಬೇಕಾಯಿತು.

— ಸಂ.