ಕೊಡಗಿನಿಂದ ಯುಪಿಎಸ್‌ಸಿ ತಯಾರಿ: ದೆಹಲಿಗೆ ಹೋಗಬೇಕೇ, ಬೆಂಗಳೂರು ಸಾಕೇ?

ಯುಪಿಎಸ್‌ಸಿಗೆ, ಅಂದರೆ ಐಎಎಸ್‌ನಂಥ ಕೇಂದ್ರ ಸೇವೆಗಳ ಪರೀಕ್ಷೆಗೆ, ದೆಹಲಿಗೆ ಹೋಗಿ ಓದಲೇ, ಬೆಂಗಳೂರು ಸಾಕೇ ಎಂದು ಕೇಳಿದ್ದೀರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ನೀವು ಬಿ.ಕಾಂ. ಮುಗಿಸಿದ್ದು, ಸಿಬಿಎಸ್‌ಇಯಲ್ಲಿ ಓದಿದ್ದು, ಅಪ್ಪ ಸಾಲ ಮಾಡಿಯಾದರೂ ಕಳಿಸುತ್ತೇನೆ ಎಂದದ್ದು, ಇದೆಲ್ಲ ಓದುವಾಗ ನನ್ನದೇ ಹಳೇ ಡೈರಿ ತೆರೆದ ಹಾಗಾಯಿತು. ಆದರೆ ಕಣ್ಣು ಹೋಗಿ ನಿಂತದ್ದು ಪಾಸಾದರೆ ಸಾಕು, ಅಂಕ ಸೇರದ ಭಾಷಾ ಪತ್ರಿಕೆಯ ಬಗ್ಗೆ ನೀವು ಕೊನೆಗೆ ಕಂಸದೊಳಗೆ ತುರುಕಿದ ಸಾಲಿನ ಮೇಲೆ: ‘ಕನ್ನಡ ಮಾತಾಡಲು ಬರುತ್ತದೆ, ಬರೆಯುವುದು ಅಷ್ಟಕ್ಕಷ್ಟೆ, ಅದು ಬರೀ ಕ್ವಾಲಿಫೈಯಿಂಗ್ ತಾನೇ.’

ತಂಗೀ, ಆ ‘ತಾನೇ’ ನನ್ನದೊಂದು ಮೇನ್ಸ್, ಅಂದರೆ ಎರಡನೇ ಹಂತದ ಬರವಣಿಗೆ ಪರೀಕ್ಷೆ, ನುಂಗಿ ನೀರು ಕುಡಿದಿದೆ.

ನಮ್ಮದು ಮಾದಾಪುರದ ಹತ್ತಿರ ಸಣ್ಣ ತೋಟ. ಮನೆಯಲ್ಲಿ ಕೊಡವ ತಕ್ಕ್, ಶಾಲೆಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ಮತ್ತು ತೋಟದ ಕೆಲಸದವರ ಜೊತೆ ಕನ್ನಡ. ಹಾಸ್ಟೆಲ್ ಇದ್ದ ಶಾಲೆಯಲ್ಲಿ ಎರಡನೇ ಭಾಷೆ ಹಿಂದಿ, ಕನ್ನಡ ಮೂರನೆಯದು, ಅದೂ ಎಂಟನೇ ಕ್ಲಾಸಿಗೆ ಮುಗಿಯಿತು. ಆಮೇಲೆ ಕೈಯಲ್ಲಿ ಕನ್ನಡ ಬರೆದದ್ದು ಎಂದರೆ ಮದುವೆ ಮುಯ್ಯಿ ಕವರಿನ ಮೇಲೆ ಹೆಸರು ಮಾತ್ರ.

2016ರಲ್ಲೂ 2017ರಲ್ಲೂ ಮೊದಲ ಹಂತದ ಪ್ರಿಲಿಮ್ಸ್‌ನಲ್ಲೇ ಫೇಲಾದೆ. ಅಪ್ಪ ತೋಟದ ಸಿಲ್ವರ್ ಮರ ಕಡಿಸಿ ಮಾರಿದರು, ಆ ದುಡ್ಡಿನಲ್ಲಿ ನಾನು ದೆಹಲಿಗೆ ಹೋದೆ. ಕೋಚಿಂಗ್ ಫೀಸು, ಗಾಳಿ ಬೆಳಕು ಇಲ್ಲದ ಒಂದು ರೂಮು, ಡಬ್ಬದ ಊಟ. ಒಂದು ವರ್ಷ. ಅಲ್ಲಿ ಕಲಿಸಿದ್ದು ಚೆನ್ನಾಗಿಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಡ್ಡಾಯ ಭಾಷಾ ಪತ್ರಿಕೆ ಎಂಬ ಒಂದು ವಸ್ತು ಉಂಟು ಎಂದು ಇಡೀ ವರ್ಷದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಬಿಡುವುದಾದರೂ ಯಾಕೆ? ಪಕ್ಕದಲ್ಲಿ ಕೂತವರೆಲ್ಲ ಹಿಂದಿಯವರು. ಅವರಿಗದು ಮನೆ ಮಾತು, ಶಾಲೆಯ ಪಾಠವೂ ಅದೇ.

2018ರ ಜೂನ್‌ನಲ್ಲಿ ಪ್ರಿಲಿಮ್ಸ್ ಬರೆದೆ, ಜುಲೈಯಲ್ಲಿ ಪಾಸ್ ಎಂದು ಬಂತು. ಮೇನ್ಸ್ ಅರ್ಜಿಯಲ್ಲಿ ಭಾರತೀಯ ಭಾಷೆ ಎಂಬಲ್ಲಿ ‘ಕನ್ನಡ’ ಎಂದು ಇತ್ತು. ಅದರ ಮೇಲೆ ನಾನು ಎರಡು ನಿಮಿಷ ಕೂಡ ತಲೆ ಓಡಿಸಿರಲಿಲ್ಲ. ರೂಮ್‌ಮೇಟ್ ಮಾತ್ರ ಕೇಳಿದ್ದ, ‘ನೀನು ಹತ್ತನೇವರೆಗೆ ಹಿಂದಿ ಓದಿದವನಲ್ಲವಾ, ಹಿಂದಿಯನ್ನೇ ಹಾಕಬಹುದಿತ್ತಲ್ಲ?’ ಈ ಪತ್ರಿಕೆಗೆ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದನ್ನು ಬೇಕಾದರೂ ಆರಿಸಬಹುದು. (ನಮ್ಮ ಕೊಡವ ತಕ್ಕ್ ಆ ಪಟ್ಟಿಯಲ್ಲಿ ಇಲ್ಲ. ಅದು ಬೇರೆ ಜಗಳ, ಇಲ್ಲಿ ಬೇಡ.) ನಾನು ಸಿಟ್ಟಿನಿಂದ, ‘ನಾನು ಕರ್ನಾಟಕದವನು, ಕನ್ನಡವನ್ನೇ ಬರೆಯುತ್ತೇನೆ’ ಎಂದೆ. ಅಭಿಮಾನ ದೊಡ್ಡದಿತ್ತು. ಅಕ್ಷರ ಇರಲಿಲ್ಲ.

ದುಡ್ಡು ಮುಗಿದಿತ್ತು, ಊರಿಗೆ ಬಂದೆ. ಆ ವರ್ಷದ ಆಗಸ್ಟ್ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಗುಡ್ಡ ಜರಿಯಿತು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ದಿನಕ್ಕೊಂದು ಹೆಸರು. ನಮ್ಮ ಮನೆ ಉಳಿಯಿತು, ಚಿಕ್ಕಪ್ಪನ ತೋಟದ ಅರ್ಧ ಹೊಳೆಗೆ ಹೋಯಿತು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಓದು ಪಕ್ಕಕ್ಕಿಟ್ಟು ಸುಂಟಿಕೊಪ್ಪದ ಕಡೆ ಒಂದು ಪರಿಹಾರ ಕೇಂದ್ರದಲ್ಲಿ ಅಕ್ಕಿ ಮೂಟೆ ಇಳಿಸುವ ಕೆಲಸಕ್ಕೆ ನಿಂತೆ.

ಅಲ್ಲಿ ನಡೆದದ್ದನ್ನು ಇವತ್ತಿನವರೆಗೆ ಮನೆಯಲ್ಲೂ ಹೇಳಿಲ್ಲ. ಕೇಂದ್ರ ನೋಡಿಕೊಳ್ಳುತ್ತಿದ್ದ ಮೇಷ್ಟ್ರೊಬ್ಬರು ರಿಜಿಸ್ಟರ್ ಕೈಗೆ ಕೊಟ್ಟು, ‘ನೀನು ಐಎಎಸ್ ಓದುವವನು, ಬಂದವರ ಹೆಸರು, ಊರು, ಮನೆಗೆ ಏನಾಗಿದೆ ಎಂದು ಬರೆದುಕೋ’ ಎಂದರು. ಇಂಗ್ಲಿಷ್‌ನಲ್ಲಿ ಶುರು ಮಾಡಿದೆ. ‘ಇದು ಪಂಚಾಯ್ತಿಗೆ ಹೋಗಬೇಕು ಮಾರಾಯ, ಕನ್ನಡದಲ್ಲಿ ಬರಿ’ ಎಂದರು. ಪೊನ್ನಮ್ಮ, ಬೆಳ್ಳಿಯಪ್ಪ ಎಲ್ಲ ಹೇಗೋ ಆಯಿತು. ಜ್ಯೋತ್ಸ್ನಾ ಎಂಬ ಹೆಂಗಸು ಬಂದು ಹೆಸರು ಹೇಳಿದಾಗ ಪೆನ್ನು ನಿಂತಿತು. ಆಮೇಲೆ ‘ಗೋಡೆ ಶಿಥಿಲವಾಗಿದೆ’ ಎಂದು ಬರೆಯಬೇಕು. ಶ ಯಾವುದು, ಥ ಯಾವುದು? ಸಾಲಿನಲ್ಲಿ ಮನೆ ಕಳೆದುಕೊಂಡವರು ನಿಂತಿದ್ದಾರೆ, ನಾನು ಕಾಗುಣಿತ ಯೋಚಿಸುತ್ತಾ ಕೂತಿದ್ದೇನೆ. ಪಕ್ಕದಲ್ಲಿದ್ದ ಹತ್ತನೇ ಕ್ಲಾಸಿನ ಹುಡುಗಿಯ ಕೈಗೆ ಪೆನ್ನು ಕೊಟ್ಟು ಮತ್ತೆ ಅಕ್ಕಿ ಮೂಟೆಗೆ ಹೋದೆ. ಅವಳು ಸರಸರ ಬರೆದಳು.

ಪರೀಕ್ಷೆಗೆ ಇನ್ನೂ ಆರು ವಾರ ಇತ್ತು. ಆ ರಾತ್ರಿಯೇ ಒಂದು ನೂರು ಪುಟದ ಪುಸ್ತಕ ತೆಗೆದುಕೊಂಡು ಕೂತಿದ್ದರೂ ಸಾಕಿತ್ತು. ಕೂರಲಿಲ್ಲ. ಹತ್ತನೇ ಕ್ಲಾಸಿನ ಮಟ್ಟದ ಪೇಪರ್, 300ಕ್ಕೆ 75 ತಾನೇ, ಅಷ್ಟೂ ಬಾರದೇ ಇರುತ್ತದಾ ಎಂದುಕೊಂಡೆ. ದಿನವೂ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೆನಲ್ಲ. ನನಗೆ ಮೋಸ ಮಾಡಿದ್ದು ಅದೇ. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದರೆ ಕನ್ನಡ ಬರೆದು ಕೊಡುವುದು ಫೋನು. ಒತ್ತಕ್ಷರ ಹಾಕುವುದು ಅದು, ದೀರ್ಘ ಎಳೆಯುವುದು ಅದು. ನಾನು ಮೂರ್ನಾಲ್ಕು ಪದದಲ್ಲಿ ಒಂದನ್ನು ಆರಿಸುತ್ತಿದ್ದೆ, ಅಷ್ಟೇ. ಅಕ್ಷರ ಗುರುತು ಹಿಡಿಯುವುದು ಬೇರೆ, ಖಾಲಿ ಹಾಳೆಯ ಮೇಲೆ ಇಳಿಸುವುದು ಬೇರೆ. ನಿಮ್ಮ ಪ್ರಶ್ನೆಯಲ್ಲೂ ಎರಡು ಕಡೆ ‘ಅಭ್ಯಾರ್ಥಿ’ ಎಂದು ಇದೆ, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಅದು ಅಭ್ಯರ್ಥಿ.

ಬೆಂಗಳೂರಿನಲ್ಲಿ ಮೇನ್ಸ್. ಪ್ರಬಂಧ, ಜಿಎಸ್ (ಸಾಮಾನ್ಯ ಅಧ್ಯಯನ) ನಾಲ್ಕೂ ಮುಗಿದವು, ಚೆನ್ನಾಗಿಯೇ ಬರೆದೆ ಎಂಬ ಧೈರ್ಯ. ಆಮೇಲೆ ಭಾಷೆಯ ದಿನ, ಬೆಳಗ್ಗೆ ಕನ್ನಡ, ಮಧ್ಯಾಹ್ನ ಇಂಗ್ಲಿಷ್. ಪತ್ರಿಕೆಯ ಸ್ವರೂಪ ನಿಮಗೆ ಯಾರೂ ಹೇಳಿರುವುದಿಲ್ಲ, ನಾನು ಹೇಳುತ್ತೇನೆ. ಮೂರು ಗಂಟೆ. 600 ಪದಗಳ ಪ್ರಬಂಧಕ್ಕೆ 100 ಅಂಕ. ಗದ್ಯಭಾಗ ಓದಿ ಉತ್ತರಿಸುವುದಕ್ಕೆ 60. ಸಂಕ್ಷೇಪಕ್ಕೆ 60, ಕೊಟ್ಟದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ಅದೂ ನಿಮ್ಮ ಮಾತಿನಲ್ಲಿ. ಇಂಗ್ಲಿಷ್‌ನಿಂದ ಕನ್ನಡಕ್ಕೆ 20, ಕನ್ನಡದಿಂದ ಇಂಗ್ಲಿಷ್‌ಗೆ 20. ಉಳಿದ 40 ವ್ಯಾಕರಣ, ನುಡಿಗಟ್ಟು ಇತ್ಯಾದಿ. ನೋಡಿದರೆ ಮಕ್ಕಳ ಪೇಪರ್ ಅನ್ನಿಸುತ್ತದೆ.

ಪ್ರಬಂಧಕ್ಕೇ ಒಂದೂಮುಕ್ಕಾಲು ಗಂಟೆ ಹೋಯಿತು. ತಲೆಯಲ್ಲಿ ವಾಕ್ಯ ಇಂಗ್ಲಿಷ್‌ನಲ್ಲಿ ಹುಟ್ಟುತ್ತಿತ್ತು, ಅದನ್ನು ಎತ್ತಿ ಕನ್ನಡದಲ್ಲಿ ಇಡುವಷ್ಟರಲ್ಲಿ ಮುಂದಿನ ವಾಕ್ಯ ಮರೆತುಹೋಗುತ್ತಿತ್ತು. ‘ಸುಸ್ಥಿರ’ ಎಂಬ ಪದ ನಾಲಗೆ ತುದಿಯಲ್ಲಿತ್ತು, ಕೊನೆಗೂ ಕೆಳಗೆ ಇಳಿಯಲಿಲ್ಲ. ‘ಹೋಗುತ್ತದೆ’ ಎನ್ನುವಲ್ಲೆಲ್ಲ ನಮ್ಮ ಪೇಟೆಯ ‘ಹೋಗ್ತದೆ’ ಬರೆದಿದ್ದೆ. ಅರ್ಕಾವತ್ತು ಮುಂದಿನ ಅಕ್ಷರಕ್ಕೋ ಹಿಂದಿನದಕ್ಕೋ ಎಂಬ ಗೊಂದಲದಲ್ಲಿ ಒಂದೇ ಪುಟದಲ್ಲಿ ‘ಸರ್ಕಾರ’ವನ್ನು ಮೂರು ತರ ಬರೆದೆ. ಸಂಕ್ಷೇಪದಲ್ಲಿ ಮೂಲದ ಸಾಲುಗಳನ್ನೇ ಅಲ್ಲೊಂದು ಇಲ್ಲೊಂದು ಎತ್ತಿ ಜೋಡಿಸಿದೆ. ಗದ್ಯಭಾಗದ ಕೊನೆಯ ಪ್ರಶ್ನೆಗಳು ಖಾಲಿ. ವ್ಯಾಕರಣಕ್ಕೆ ಹತ್ತು ನಿಮಿಷವೂ ಉಳಿಯಲಿಲ್ಲ. ತಮಾಷೆ ಎಂದರೆ ಆ 40 ಅಂಕದಲ್ಲೇ ಸುಲಭವಾದ ಪ್ರಶ್ನೆಗಳಿದ್ದವು, ಅದರಿಂದಲೇ ಶುರು ಮಾಡಿದ್ದರೆ ಕತೆ ಬೇರೆ ಇರುತ್ತಿತ್ತೇನೋ.

300ರಲ್ಲಿ ಶೇ. 25, ಅಂದರೆ 75 ಬರಲೇಬೇಕು. ಬರದಿದ್ದರೆ ನೀವು ಬರೆದ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 1750 ಅಂಕಗಳ ಏಳು ಪತ್ರಿಕೆ, ಒಂದೊಂದೂ 250ರದು, ಕೈ ಬೆರಳು ಊದುವಷ್ಟು ಬರೆದದ್ದು, ಎಲ್ಲ ಕಣದಲ್ಲಿ ಒಣಗಿಸಿಟ್ಟ ಕಾಫಿಗೆ ರಾತ್ರಿ ಮಳೆ ಹೊಡೆದ ಹಾಗೆ. ‘ಕ್ವಾಲಿಫೈಯಿಂಗ್’ ಎಂದರೆ ಅಂಕ ಸೇರುವುದಿಲ್ಲ ಎಂದು ಮಾತ್ರ ನಾವು ಕೇಳಿಸಿಕೊಳ್ಳುತ್ತೇವೆ. ಮೊದಲು ಈ ಗೇಟು ದಾಟು, ಆಮೇಲೆ ಮನೆಯೊಳಗಿನ ಮಾತು ಎಂದು ಅದರ ಅರ್ಥ. ನನಗೆ 75 ಬರಲಿಲ್ಲ. ಎಷ್ಟು ಬಂತು ಎಂದು ಇಲ್ಲಿ ಬರೆಯಲು ಈಗಲೂ ನಾಚಿಕೆ. ಜಿಎಸ್‌ನಲ್ಲಿ ಎಷ್ಟು ಬರುತ್ತಿತ್ತು, ಇಂಟರ್‌ವ್ಯೂಗೆ ಕರೆ ಬರುತ್ತಿತ್ತಾ, ಅದು ನನಗೆ ಇವತ್ತಿಗೂ ಗೊತ್ತಿಲ್ಲ.

ಊರಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: ‘ಪಾಪ, ಆ ಮಳೆ, ಆ ಕುಸಿತ, ಅದರಲ್ಲಿ ಹುಡುಗ ಹೇಗೆ ಓದುವುದು?’ ನಾನು ಹೂಂ ಎಂದೆ. ಅಪ್ಪನ ಹತ್ತಿರವೂ ಹೂಂ ಎಂದೆ. ಗುಡ್ಡದ ಮೇಲೆ ಹಾಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಚಿಕ್ಕಪ್ಪನ ಎದುರು ಹಾಗೆ ಹೂಂ ಎಂದದ್ದು ಮಾತ್ರ ಇವತ್ತಿಗೂ ಚುಚ್ಚುತ್ತದೆ, ನಿಜವಾಗಿ ಕಳೆದುಕೊಂಡವರು ಅವರು. ಸಾಮಾನ್ಯ ವರ್ಗಕ್ಕೆ ಆರು ಪ್ರಯತ್ನ. ಉಳಿದ ಮೂರರಲ್ಲಿ ಪ್ರಿಲಿಮ್ಸ್ ದಾಟಲಿಲ್ಲ, ಮೇನ್ಸ್ ಮತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಈಗ ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ, ಪ್ರಥಮ ದರ್ಜೆ ಸಹಾಯಕ. ಅದಕ್ಕೂ ಕಡ್ಡಾಯ ಕನ್ನಡ ಪರೀಕ್ಷೆ ಉಂಟು, 150ಕ್ಕೆ 50 ಬೇಕು. ಆ ಸಲ ಬುದ್ಧಿ ಬಂದಿತ್ತು. ನಮ್ಮ ಮನೆಗೆ ಅಪ್ಪ ದಿನವೂ ‘ಶಕ್ತಿ’ ಪತ್ರಿಕೆ ತರಿಸುತ್ತಿದ್ದರು. ಅಷ್ಟು ವರ್ಷ ನಾನು ಅದನ್ನು ಮುಟ್ಟದೆ ಫೋನಿನಲ್ಲಿ ಇಂಗ್ಲಿಷ್ ಪೇಪರ್ ಓದುತ್ತಿದ್ದೆ. ಆನೆ ಬಂದದ್ದು, ಕಾಳುಮೆಣಸಿನ ರೇಟು, ಹಾಕಿ ಪಂದ್ಯ, ಯಾವುದಾದರೂ ಒಂದು ಸುದ್ದಿ ಹಿಡಿದು, ಮೂರನೇ ಒಂದು ಭಾಗಕ್ಕೆ ಇಳಿಸಿ ಕೈಯಲ್ಲಿ ಬರೆಯುವುದು. ನಿವೃತ್ತ ಮೇಷ್ಟ್ರೊಬ್ಬರು ತಿದ್ದಿ ಕೊಡುತ್ತಿದ್ದರು. ಮೊದಲ ವಾರ ಹಾಳೆಯಲ್ಲಿ ನನ್ನ ನೀಲಿಗಿಂತ ಅವರ ಕೆಂಪೇ ಜಾಸ್ತಿ. ಮೂರನೇ ತಿಂಗಳಿಗೆ ಅವರಿಗೆ ಬೇಸರ ಬಂತು, ತಿದ್ದಲು ಏನೂ ಸಿಗುತ್ತಿಲ್ಲ ಎಂದು. ಈಗ ದಿನವಿಡೀ ಜಮ್ಮಾ ಬಾಣೆ, ಪಹಣಿ ಎಂದು ಜಮೀನಿನ ಕಡತಗಳಲ್ಲಿ ಕನ್ನಡ ಟಿಪ್ಪಣಿ ಬರೆಯುವುದೇ ನನ್ನ ಸಂಬಳದ ಕೆಲಸ. ಅಂದು ಬೇಕಾಗಿದ್ದದ್ದು ಇದರ ಕಾಲು ಭಾಗ.

ನೀವು ಕೇಳಿದ್ದಕ್ಕೂ ಎರಡು ಮಾತು ಹೇಳಬೇಕಲ್ಲ. ಅಪ್ಪನಿಂದ ತೋಟದ ಮೇಲೆ ಸಾಲ ಎತ್ತಿಸಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ, ಯಾರಿಗೆ ಸಿಟ್ಟು ಬಂದರೂ ಸರಿ. ದೆಹಲಿಯ ಪಾಠ ಈಗ ಫೋನಿನಲ್ಲೇ ಸಿಗುತ್ತದೆ. ಮಡಿಕೇರಿಯ ಜಿಲ್ಲಾ ಗ್ರಂಥಾಲಯದಲ್ಲಿ ಕೂತು ಮೊದಲ ಪ್ರಿಲಿಮ್ಸ್‌ಗೆ ಓದಬಹುದು, ಸೆಂಟರ್ ಮೈಸೂರಿನಲ್ಲೇ ಉಂಟು. ಮಳೆಗಾಲದಲ್ಲಿ ಕರೆಂಟು ಹೋಗುತ್ತದೆ ಎಂಬ ಭಯ ಸರಿಯಾದದ್ದೇ, ಜೂನ್‌ಗೆ ಮೊದಲು ನೋಟ್ಸ್ ಎಲ್ಲ ಕಾಗದದಲ್ಲಿ ಇರಲಿ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆ ಸಿಸ್ಯಾಟ್ ಕೂಡ ಇದೇ ಜಾತಿಯ ಗೇಟು, 200ಕ್ಕೆ 66 ಬೇಕು, ಬಿ.ಕಾಂ. ಲೆಕ್ಕ ಗೊತ್ತು ಎಂದು ಬಿಡಬೇಡಿ. ಐಚ್ಛಿಕ ವಿಷಯ ಯಾವುದು ಎಂದು ಕೇಳಿದ್ದೀರಿ, ನಿಮಗೆ ಯಾವುದು ಓದುವಾಗ ನಿದ್ದೆ ಬರುವುದಿಲ್ಲವೋ ಅದು. ಜೊತೆಗೆ ಕೆಎಎಸ್ (ರಾಜ್ಯದ ಆಡಳಿತ ಸೇವೆಯ ಪರೀಕ್ಷೆ) ಕೂಡ ಬರೆಯುತ್ತೇನೆ ಎಂದಿದ್ದೀರಿ, ಅಲ್ಲಿಯೂ ಮೇನ್ಸ್‌ನಲ್ಲಿ 150 ಅಂಕದ ಕನ್ನಡ ಪತ್ರಿಕೆ ಕಾದಿದೆ, ಶೇ. 35 ಬೇಕು. ಅಲ್ಲಿ ಹಿಂದಿ ಹಾಕಿ ಪಾರಾಗುವ ದಾರಿ ಇಲ್ಲ.

ಯುಪಿಎಸ್‌ಸಿಗೆ ಹಿಂದಿ ಹಾಕಲೇ ಎಂದರೆ, ನೀವು ಹತ್ತನೇವರೆಗೆ ನಿಜವಾಗಿ ಹಿಂದಿ ಬರೆದವರಾದರೆ ಹಾಕಿ, ಯಾರ ಮಾತಿಗೂ ಹೆದರಬೇಡಿ. ಆದರೆ ಕೆಎಎಸ್ ಮನಸ್ಸಿನಲ್ಲಿ ಇದ್ದರೆ ಹೇಗೂ ಕನ್ನಡ ಕಲಿಯಲೇಬೇಕು, ಒಂದೇ ಶ್ರಮ ಎರಡಕ್ಕೂ ಆಗಲಿ.

ಸಿ.ಬಿ. ಮುತ್ತಮ್ಮನವರ ಹೆಸರು ತಂದಿದ್ದೀರಿ. ವಿರಾಜಪೇಟೆಯಲ್ಲಿ ಹುಟ್ಟಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ, ಕೊಡಗಿನಲ್ಲಿ ಈ ಪರೀಕ್ಷೆಯ ಮಾತೆತ್ತಿದರೆ ಅವರ ಹೆಸರು ಬರದೆ ಇರುವುದಿಲ್ಲ. ನನ್ನ ಗೋಡೆಯ ಮೇಲೂ ಅವರ ಫೋಟೊ ಇತ್ತು. ಆದರೆ ಈಗಿನ ಪ್ರಿಲಿಮ್ಸ್, ಮೇನ್ಸ್ ಪದ್ಧತಿ ಬಂದದ್ದು 1979ರಲ್ಲಿ. ಅವರು ದಾಟಿದ ಗೇಟೇ ಬೇರೆ, ನಮ್ಮದೇ ಬೇರೆ.

ಒಂದು ಕೆಲಸ ಮಾಡಿ. ಇವತ್ತು ಮನೆಗೆ ಬಂದ ಪೇಪರಿನಲ್ಲಿ ಒಂದು ಸುದ್ದಿ ಆರಿಸಿ, ಫೋನು ಬೇರೆ ಕೋಣೆಯಲ್ಲಿಟ್ಟು, ಒಂದು ಪುಟ ಕೈಯಲ್ಲಿ ಬರೆಯಿರಿ. ಗಡಿಯಾರ ನೋಡಿಕೊಳ್ಳಿ. ಬರೆದದ್ದರ ಫೋಟೊ ಇಲ್ಲೇ ಕೆಳಗೆ ಹಾಕಿ. ನಾಳೆ ಎರಡನೇ ಶನಿವಾರ, ನನಗೆ ರಜೆ, ತಿದ್ದಿ ಕೊಡುತ್ತೇನೆ. ಕೆಂಪು ಜಾಸ್ತಿ ಕಂಡರೆ ಅಳಬೇಡಿ.