ವಿಡಿಯೋ ನೋಡಿಕೊಂಡು ವೆಬ್ ಪ್ರಾಜೆಕ್ಟ್ ಮಾಡಿದ್ದೀನಿ, ಖಾಲಿ ಫೈಲ್ ಮುಂದೆ ಕೂತರೆ ಕೈ ಓಡಲ್ಲ. ಈಗ ಯಾವ ಕೋರ್ಸ್ ಸೇರಲಿ?

ಯಾವ ಕೋರ್ಸೂ ಬೇಡ. ಕ್ಯಾಲ್ಕುಲೇಟರ್, ಟು-ಡೂ ಲಿಸ್ಟ್, ಹವಾಮಾನದ ಪುಟ ಮೂರನ್ನೂ ವಿಡಿಯೋ ಜೊತೆಜೊತೆಗೇ ಟೈಪ್ ಮಾಡಿ ಮುಗಿಸಿದ್ದೀನಿ, ಆದರೂ ಒಂದು ಬಟನ್ ಸ್ವಂತವಾಗಿ ಬರೆಯೋಕೆ ಬರಲ್ಲ ಅಂತ ಬರೆದಿದ್ದೀರಲ್ಲ, ಅದೇ ಮೂರು ಪ್ರಾಜೆಕ್ಟ್ ನನ್ನ ಕಂಪ್ಯೂಟರ್‌ನಲ್ಲೂ ಇದ್ದವು. ಎಲ್ಲವೂ ಸೊಗಸಾಗಿ ಓಡುತ್ತಿದ್ದವು.

ನಾನು ಕಲಿಯುತ್ತಿದ್ದ ರೀತಿ ಹೀಗಿತ್ತು. ಪರದೆಯ ಅರ್ಧದಲ್ಲಿ ವಿಡಿಯೋ, ಉಳಿದರ್ಧದಲ್ಲಿ ಕೋಡ್ ಬರೆಯುವ ಎಡಿಟರ್. ಅವರು ಒಂದು ಸಾಲು ಬರೆದರೆ ವಿಡಿಯೋ ನಿಲ್ಲಿಸಿ ನಾನೂ ಒಂದು ಸಾಲು. ನಡುವೆ ಎಲ್ಲೋ ನನ್ನದು ಕೈಕೊಡುತ್ತಿತ್ತು. ಸ್ವಲ್ಪ ಹೊತ್ತು ಕಣ್ಣಾಡಿಸಿ, ತಪ್ಪು ಸಿಗದಿದ್ದರೆ ವಿಡಿಯೋ ಕೆಳಗಿನ ಲಿಂಕ್‌ನಿಂದ ಅವರ ಪೂರ್ತಿ ಕೋಡ್ ಇಳಿಸಿಕೊಂಡು ನನ್ನ ಫೈಲ್ ಮೇಲೆ ಪೇಸ್ಟ್ ಮಾಡಿಬಿಡುತ್ತಿದ್ದೆ. ಓಡಿತು, ಖುಷಿ, ಮುಂದಿನ ವಿಡಿಯೋ.

ಆ ಪೇಸ್ಟ್ ಎಷ್ಟು ದುಬಾರಿ ಬಿತ್ತು ಅಂತ ವಿವರವಾಗಿಯೇ ಹೇಳಬೇಕು. ಪರಿಚಯದವರೊಬ್ಬರು ತಮ್ಮ ಪುಟಕ್ಕೆ ಒಂದು ಬಟನ್ ಹಾಕಿಕೊಡಿ ಅಂದರು. ಒತ್ತಿದರೆ ಕೆಳಗೆ ಅಡಗಿರುವ ವಿವರ ತೆರೆದುಕೊಳ್ಳಬೇಕು, ಅಷ್ಟೇ. ಇದು ಚೆನ್ನಾಗಿ ಬಂದರೆ ಇಡೀ ಸೈಟ್‌ನ ಕೆಲಸ ನಿಮಗೇ ಅಂದಿದ್ದರು. ಬರೆದೆ. ಒತ್ತಿದರೆ ಏನೂ ಆಗಲಿಲ್ಲ. ಬಟನ್‌ನ ಹೆಸರು ಬದಲಿಸಿದೆ, ಬಣ್ಣ ಬದಲಿಸಿದೆ (ಬಣ್ಣ ಬದಲಿಸಿದರೆ ಯಾಕೆ ಸರಿಹೋಗುತ್ತದೆ ಅಂದುಕೊಂಡೆನೋ ಗೊತ್ತಿಲ್ಲ), ಬ್ರೌಸರ್ ಬದಲಿಸಿದೆ. ಅವರು ಕಾದು ಕಾದು ಬೇರೆಯವರಿಗೆ ಕೊಟ್ಟರು. ಆ ಬೇರೆಯವರು ಎಫ್12 ಒತ್ತಿ, ಬ್ರೌಸರ್ ತಪ್ಪುಗಳನ್ನು ತೋರಿಸುವ ಕನ್ಸೋಲ್‌ನಲ್ಲಿದ್ದ ಕೆಂಪು ಸಾಲು ಓದಿ, ಒಂದೇ ಪದ ಸೇರಿಸಿ ಸರಿ ಮಾಡಿದರಂತೆ. ಸೈಟ್ ಅವರ ಪಾಲಾಯಿತು.

ಆ ಕೆಂಪು ಸಾಲು 'ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್'. ಬ್ರೌಸರ್ ಪುಟವನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ ಬರುತ್ತದೆ. ನಾನು ಸ್ಕ್ರಿಪ್ಟ್ ಟ್ಯಾಗನ್ನು (ಪುಟಕ್ಕೆ ಕೆಲಸ ಹೇಳುವ ಜಾವಾಸ್ಕ್ರಿಪ್ಟ್ ಕೋಡ್ ಇರುವ ಜಾಗ) ಪುಟದ ತಲೆಭಾಗವಾದ ಹೆಡ್ ಒಳಗೆ, ಅಂದರೆ ಬಟನ್‌ಗಿಂತ ಮೇಲೆ, ಇಟ್ಟಿದ್ದೆ. ಸ್ಕ್ರಿಪ್ಟ್ ಓಡುವ ಹೊತ್ತಿಗೆ ಬಟನ್ ಇನ್ನೂ ಹುಟ್ಟೇ ಇರಲಿಲ್ಲ. ಹುಡುಕಿದ್ದಕ್ಕೆ ಸಿಕ್ಕಿದ್ದು ನಲ್, ಅಂದರೆ ಏನೂ ಇಲ್ಲ. ಆ 'ಏನೂ ಇಲ್ಲ'ಕ್ಕೆ ಹೋಗಿ 'ನಿನ್ನನ್ನು ಕ್ಲಿಕ್ ಮಾಡಿದಾಗ ಹೀಗೆ ಮಾಡು' ಅಂದರೆ ಅದು ತಾನೇ ಏನು ಮಾಡೀತು? ಸ್ಕ್ರಿಪ್ಟನ್ನು ಪುಟದ ಕಾಣುವ ಭಾಗವಾದ ಬಾಡಿಯ ಕೊನೆಗೆ ತಳ್ಳಬೇಕು, ಇಲ್ಲವೇ ಬೇರೆ ಫೈಲ್‌ನಲ್ಲಿಟ್ಟು ಟ್ಯಾಗ್‌ಗೆ ಡಿಫರ್ ಅಂತ ಸೇರಿಸಬೇಕು. ಆಗ ಪುಟವನ್ನೆಲ್ಲ ಓದಿದ ಮೇಲಷ್ಟೇ ಸ್ಕ್ರಿಪ್ಟ್ ಓಡುತ್ತದೆ.

ಹೊಟ್ಟೆ ಉರಿದದ್ದು ಕೆಲಸ ಹೋಗಿದ್ದಕ್ಕಲ್ಲ. ಇದೇ ಎರರ್ ಕ್ಯಾಲ್ಕುಲೇಟರ್ ಮಾಡುವಾಗಲೂ ಬಂದಿತ್ತು, ಟು-ಡೂ ಲಿಸ್ಟ್‌ನಲ್ಲೂ ಬಂದಿತ್ತು. ವಿಡಿಯೋದವರು ಸ್ಕ್ರಿಪ್ಟನ್ನು ಕೊನೆಯಲ್ಲಿ ಹಾಕುತ್ತಿದ್ದರು, ಅಭ್ಯಾಸಬಲದಿಂದ, ಯಾಕೆ ಅಂತ ಹೇಳದೆ. ನಾನು ಅವರ ಕೋಡ್ ಪೇಸ್ಟ್ ಮಾಡಿದಾಗಲೆಲ್ಲ ಉತ್ತರ ನನ್ನ ಫೈಲ್‌ಗೆ ಬಂತು, ಆದರೆ ಪ್ರಶ್ನೆಯನ್ನೂ ಅಳಿಸಿ ಹಾಕಿತು. ಹಾಳಾದ ಫೈಲ್ ಒಂದನ್ನಾದರೂ ಉಳಿಸಿಕೊಂಡು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು.

ಆಮೇಲೆ ಕಲಿತದ್ದು ಅಕ್ಕನ ಮಗಳಿಂದ. ಅವಳಿಗೆ ಪದ ಜೋಡಿಸುವ ಆಟ ಬೇಕಿತ್ತು, ಅಕ್ಷರಗಳನ್ನು ಕಲಸಿ ಕೊಡುವುದು, ಅವಳು ಸರಿಯಾದ ಪದ ಮಾಡುವುದು. ಇಂಗ್ಲಿಷ್‌ನಲ್ಲಿ ಇದಕ್ಕೆ ನೂರು ವಿಡಿಯೋ ಸಿಗುತ್ತವೆ. ಅವಳು ಕನ್ನಡದಲ್ಲೇ ಬೇಕು ಅಂತ ಹಟ ಹಿಡಿದದ್ದು ನನ್ನ ಪುಣ್ಯ, ಪೇಸ್ಟ್ ಮಾಡಲು ಏನೂ ಸಿಗಲಿಲ್ಲ.

'ಪುಸ್ತಕ' ಅಂತ ಕೊಟ್ಟು ಸ್ಪ್ಲಿಟ್ ಮಾಡಿದೆ, ಅಂದರೆ ತುಂಡು ಮಾಡಿಸಿದೆ. ಮೂರು ಅಕ್ಷರ ಬರಬೇಕಿತ್ತು, ಆರು ತುಂಡು ಬಂತು! ಪ, ಅದರ ಕೊಂಬು, ಸ, ವಿರಾಮ (ಸ-ವನ್ನು 'ಸ್' ಮಾಡುವ ಚಿಹ್ನೆ), ತ, ಕ. ಕಲಸಿದರೆ ಕೊಂಬು ಹೋಗಿ ಕ-ಗೆ ಅಂಟಿಕೊಂಡು 'ಕು' ಆಯಿತು. ಇನ್ನೊಮ್ಮೆ ಅದು ಯಾರಿಗೂ ಬೇಡವಾಗಿ ಮೊದಲಿಗೇ ಬಂದು, ಚುಕ್ಕೆಚುಕ್ಕೆಯ ವೃತ್ತಕ್ಕೆ ನೇತುಬಿದ್ದಿತ್ತು. ಯೂನಿಕೋಡ್‌ನಲ್ಲಿ (ಲಿಪಿಚಿಹ್ನೆಗಳಿಗೆ ಕಂಪ್ಯೂಟರ್ ಬಳಸುವ ಸಂಖ್ಯೆಗಳ ಪಟ್ಟಿ) ಸ್ವರಚಿಹ್ನೆಗೂ ವಿರಾಮಕ್ಕೂ ಪ್ರತ್ಯೇಕ ಸಂಖ್ಯೆಗಳಿವೆ, ಜಾವಾಸ್ಕ್ರಿಪ್ಟ್ ಎಣಿಸುವುದು ಅವನ್ನೇ, ನಮ್ಮ ಅಕ್ಷರವನ್ನಲ್ಲ. ಇದು ಹೊಳೆದ ಮೇಲೆ ಲೂಪ್ (ಒಂದೊಂದೇ ತುಂಡಿಗೆ ಅದೇ ಕೆಲಸ ಮತ್ತೆ ಮತ್ತೆ ಮಾಡುವ ಕೋಡ್) ನಾನೇ ಬರೆದೆ. ಬಂದದ್ದು ಚಿಹ್ನೆಯಾದರೆ ಹಿಂದಿನ ತುಂಡಿಗೆ ಸೇರಿಸು, ಹಿಂದಿನ ತುಂಡು ವಿರಾಮದಲ್ಲಿ ಮುಗಿದಿದ್ದರೂ ಸೇರಿಸು, ಎರಡೂ ಅಲ್ಲದಿದ್ದರೆ ಹೊಸ ತುಂಡು. ಪು, ಸ್ತ, ಕ ಅಂತ ಮೂರೇ ಚೌಕ ಬಂದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಅರೇ (ಸಾಲಾಗಿ ಜೋಡಿಸಿಟ್ಟ ಪಟ್ಟಿ), ಲೂಪ್, ಇಫ್ ಇವೆಲ್ಲ ಮೊದಲೇ 'ಮುಗಿಸಿದ' ಪಾಠಗಳು, ನಿಜಕ್ಕೂ ತಲೆಗೆ ಹೋದದ್ದು ಅವತ್ತು.

ಅವಳ ಅಂಕವನ್ನು ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಉಳಿಸಿದೆ. ಮರುದಿನ ಒಂದು ಪದ ಗೆದ್ದಳು, ಅಂಕ 9 ಇದ್ದದ್ದು 91 ಆಯಿತು. ಅವಳಿಗೆ ಪರಮಾನಂದ. ಲೋಕಲ್ ಸ್ಟೋರೇಜ್ ಏನನ್ನೇ ಕೊಟ್ಟರೂ ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ, ಪಠ್ಯಕ್ಕೆ 1 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಪಕ್ಕದಲ್ಲಿ ಅಂಟಿಸುತ್ತದೆ. ನಂಬರ್ ಫಂಕ್ಷನ್‌ನಿಂದ ಸಂಖ್ಯೆ ಮಾಡಿಕೊಂಡು ಕೂಡಿಸಬೇಕು. ಸರಿ ಮಾಡಿದ್ದಕ್ಕೆ ಅವಳು ನನ್ನ ಮೇಲೆ ಮುನಿಸಿಕೊಂಡಳು.

ಹಾಗಾಗಿ ನನ್ನ ಮಾತು ಇಷ್ಟೇ: ನಿಮ್ಮ ಮುಂದಿನ ಪ್ರಾಜೆಕ್ಟ್ ವಿಡಿಯೋದಲ್ಲಿ ಇರಲೇಬಾರದು. ಹೆಸರಾಂತ ಸೈಟ್‌ಗಳ ನಕಲು ಮಾಡುವುದನ್ನೂ ನಾನು ಒಪ್ಪಲ್ಲ, ಚಂದ ಕಾಣುತ್ತದೆ, ಯಾರೂ ಬಳಸಲ್ಲ, ಯಾರೂ ಬೈಯಲ್ಲ. ಬೈಯುವವರು ಒಬ್ಬರಾದರೂ ಇರುವಂಥ ಸಣ್ಣದನ್ನು ಹಿಡಿಯಿರಿ. ದಾಳ ಉರುಳಿಸುವ ಪುಟ, ಓದಿನ ಟೈಮರ್, ಮನೆಯವರ ಬಗ್ಗೆಯೇ ಒಂದು ಕ್ವಿಜ್. ಟೈಮರ್ ಮಾಡಿದರೆ ಬೇರೆ ಟ್ಯಾಬ್‌ಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬಂದು ನೋಡಿ, ಹಿಂದೆ ಬಿದ್ದಿರುವ ಸಾಧ್ಯತೆ ಹೆಚ್ಚು. ಹಿನ್ನೆಲೆಯಲ್ಲಿರುವ ಟ್ಯಾಬ್‌ನ ಟೈಮರ್‌ಗಳನ್ನು ಬ್ರೌಸರ್ ಬೇಕೆಂದೇ ನಿಧಾನ ಮಾಡುತ್ತದೆ. ಸೆಕೆಂಡ್ ಎಣಿಸುವ ಬದಲು ಶುರುವಾದ ಸಮಯವನ್ನು ಇಟ್ಟುಕೊಂಡು ಈಗಿನ ಸಮಯದಿಂದ ಕಳೆಯಬೇಕು. ಹೇಳಿಬಿಟ್ಟೆ, ನೀವೇ ಕಂಡುಕೊಳ್ಳಲಿ ಅಂತ ಬಿಡಬೇಕಿತ್ತು.

ಎಚ್‌ಟಿಎಂಎಲ್ (ಪುಟದ ರಚನೆ ಬರೆಯುವ ಭಾಷೆ) ಪೂರ್ತಿ ಕಲಿತ ಮೇಲೆ ಶುರು ಮಾಡಲಾ ಅಂತ ಕೇಳಿದ್ದೀರಿ. ಪೂರ್ತಿ ಯಾರಿಗೂ ಬರಲ್ಲ. ನೂರಕ್ಕೂ ಹೆಚ್ಚು ಟ್ಯಾಗ್‌ಗಳಿವೆ, ನನ್ನ ಆಟಕ್ಕೆ ಬೇಕಾದದ್ದು ಬೆರಳೆಣಿಕೆಯಷ್ಟು. ಉಳಿದದ್ದಕ್ಕೆ ಮೊಜಿಲ್ಲಾದ ಎಂಡಿಎನ್ ಅನ್ನುವ ಮಾಹಿತಿಯ ಸೈಟ್ ಇದೆ, ಬೇಕಾದಾಗ ತೆರೆದು ನೋಡಿ. ಸಿಎಸ್‌ಎಸ್‌ನಲ್ಲಿ (ಪುಟದ ಅಂದ, ಜೋಡಣೆಯ ಭಾಷೆ) ಯಾವ ಪೆಟ್ಟಿಗೆ ಎಲ್ಲಿ ಕೂತಿದೆ ತಿಳಿಯದಿದ್ದರೆ ಎಲ್ಲದಕ್ಕೂ ಕೆಂಪು ಔಟ್‌ಲೈನ್ ಹಾಕಿಬಿಡಿ, ಕಣ್ಣಿಗೇ ಕಾಣುತ್ತದೆ.

ರಿಯಾಕ್ಟ್ (ಮಾಹಿತಿ ಬದಲಾದಂತೆ ಪುಟವನ್ನು ತಾನೇ ತಿದ್ದುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಈಗ ಬೇಡ. ಕ್ವಿಜ್‌ನಲ್ಲಿ ಅಂಕ ಬದಲಾದಾಗಲೆಲ್ಲ ಪುಟದ ಮೂರ್ನಾಲ್ಕು ಕಡೆ ನೀವೇ ಕೈಯಾರೆ ತಿದ್ದಿ, ಒಂದು ಕಡೆ ಮರೆತು, ಅಯ್ಯೋ ಇದಕ್ಕೇನಾದರೂ ದಾರಿ ಇಲ್ಲವೇ ಅಂತ ಸಿಟ್ಟು ಬರುತ್ತದಲ್ಲ, ಆವಾಗ ತೆರೆಯಿರಿ. ಅಲ್ಲಿಯವರೆಗೆ, ಮುಂದಿನ ಸಲ ಓಡದಿದ್ದಾಗ ಏನನ್ನೂ ಅಳಿಸಬೇಡಿ. ಎಫ್12 ಒತ್ತಿ, ಕೆಂಪು ಸಾಲಿನ ಬಲಗಡೆ ಫೈಲ್ ಹೆಸರು, ಸಾಲಿನ ಸಂಖ್ಯೆ ಇರುತ್ತದೆ, ಅದರ ಮೇಲೆ ಕ್ಲಿಕ್ ಮಾಡಿ.