ಬೋರ್ಡಿನ ಮೇಲೆ ಅರ್ಥವಾಗುತ್ತದೆ, ಹಾಳೆಯ ಮೇಲೆ ಬರುವುದಿಲ್ಲ

ಪ್ರಶ್ನೆ: ಮೇಡಂ, ನಾನು ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷದಲ್ಲಿದ್ದೇನೆ. ಪ್ರೋಗ್ರಾಂ ಬರೆಯಲು ಬರುತ್ತದೆ. ಗಣಿತದ ಪ್ರೂಫ್‌ಗಳು ಮಾತ್ರ, ಬೋರ್ಡಿನ ಮೇಲೆ ಬರೆದಾಗ ಅರ್ಥವಾಗುತ್ತವೆ, ನಾನೇ ಕೂತರೆ ಮೊದಲ ಸಾಲೂ ಹೊಳೆಯುವುದಿಲ್ಲ. ಪಟ್ಟಿಯಲ್ಲಿ ಅತಿ ದೊಡ್ಡ ಸಂಖ್ಯೆ ಹುಡುಕುವ ನನ್ನ ಪ್ರೋಗ್ರಾಂ ಕಳಿಸಿದ್ದೇನೆ. ಇಪ್ಪತ್ತು ಸಲ ಓಡಿಸಿದ್ದೇನೆ, ಸರಿಯಿದೆ. ಇದಕ್ಕೂ ಪ್ರೂಫ್ ಬೇಕೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬೇಕಮ್ಮ. ನಿನ್ನ ಪ್ರೋಗ್ರಾಮಿನಿಂದಲೇ ಶುರು ಮಾಡೋಣ. ಅದರಲ್ಲಿ ಲೂಪ್ ಪಟ್ಟಿಯ ಸಂಖ್ಯೆಗಳನ್ನು ಸುತ್ತಿಗೊಂದರಂತೆ ನೋಡುತ್ತದೆ, ಸಿಕ್ಕ ದೊಡ್ಡ ಸಂಖ್ಯೆಯನ್ನು ‘ಮ್ಯಾಕ್ಸ್’ ಎಂಬ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಲೂಪಿನ ಪಕ್ಕ ಒಂದು ವಾಕ್ಯ ಬರೆದುಕೋ, ಕನ್ನಡದಲ್ಲೇ: ‘ಪ್ರತಿ ಸುತ್ತು ಮುಗಿದಾಗ, ಅಲ್ಲಿಯವರೆಗೆ ನೋಡಿದ ಸಂಖ್ಯೆಗಳಲ್ಲಿ ದೊಡ್ಡದು ಮ್ಯಾಕ್ಸ್‌ನಲ್ಲಿರುತ್ತದೆ.’ ಹಿಂದಿನ ಸುತ್ತಿಗೆ ಇದು ನಿಜವಾಗಿದ್ದರೆ ಮುಂದಿನದಕ್ಕೂ ನಿಜ. ಹೊಸ ಸಂಖ್ಯೆ ದೊಡ್ಡದಾದರೆ ಮ್ಯಾಕ್ಸ್ ಬದಲಾಗುತ್ತದೆ, ಇಲ್ಲದಿದ್ದರೆ ಹಾಗೇ ಉಳಿಯುತ್ತದೆ. ಮೊದಲ ಹೆಜ್ಜೆ ನಿಜ ಎಂದು ತೋರಿಸಿ, ಹೀಗೆ ಒಂದರಿಂದ ಮುಂದಿನದಕ್ಕೆ ದಾಟುವುದು: ಪ್ರೂಫ್‌ಗಳಲ್ಲಿ ನಿನ್ನನ್ನು ಹೆದರಿಸಿರುವ ಇಂಡಕ್ಷನ್ ಇದೇ.

ಇನ್ನು ಉಳಿದದ್ದು ಮೊದಲ ಸುತ್ತು. ನೀನು ಮ್ಯಾಕ್ಸ್‌ಗೆ 0 ಕೊಟ್ಟು ಶುರು ಮಾಡಿದ್ದೀಯ. ಮೊದಲ ಸಂಖ್ಯೆ -5 ಆಗಿದ್ದರೆ? ಮ್ಯಾಕ್ಸ್ 0 ಆಗಿಯೇ ಉಳಿಯುತ್ತದೆ, ಆ ಸೊನ್ನೆ ಪಟ್ಟಿಯಲ್ಲೇ ಇಲ್ಲ. ವಾಕ್ಯ ಮೊದಲ ಹೆಜ್ಜೆಯಲ್ಲೇ ಸುಳ್ಳಾಯಿತು. -5, -3, -9 ಕೊಟ್ಟು ಓಡಿಸು: ಬರಬೇಕಾದ್ದು -3, ಬರುವುದು 0. ನಿನ್ನ ಇಪ್ಪತ್ತು ಪಟ್ಟಿಗಳಲ್ಲಿ ಬರೀ ಋಣ ಸಂಖ್ಯೆಗಳಿದ್ದದ್ದು ಒಂದೂ ಇರಲಿಲ್ಲ. ಮ್ಯಾಕ್ಸ್‌ಗೆ ಪಟ್ಟಿಯ ಮೊದಲ ಸಂಖ್ಯೆಯನ್ನೇ ಕೊಡು, ವಾಕ್ಯ ನಿಲ್ಲುತ್ತದೆ. (ಪಟ್ಟಿ ಖಾಲಿಯಿದ್ದರೆ ಏನಾಗುತ್ತದೆ, ನೀನೇ ಯೋಚಿಸು.)

ಇನ್ನು ಬೋರ್ಡಿನ ಮಾತು. √2 ಅಭಾಗಲಬ್ಧ, ಅಂದರೆ ಅದನ್ನು ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದು, ಎಂಬ ಪ್ರೂಫನ್ನು ನಾನೂ ಉರು ಹೊಡೆದು ಪೂರ್ತಿ ಅಂಕ ಪಡೆದವಳು. ಆಮೇಲೆ ಒಬ್ಬ ಮೇಡಂ ‘ಇದನ್ನೇ √4ಕ್ಕೆ ಬರೆದು ತೋರಿಸು’ ಅಂದರು. 2 ಇದ್ದಲ್ಲೆಲ್ಲ 4 ಹಾಕಿ ಬರೆದೆ. √4 ಕೂಡ ಅಭಾಗಲಬ್ಧ ಎಂದು ಬಂದುಬಿಟ್ಟಿತು! √4 ಅಂದರೆ 2 ತಾನೇ? ತಪ್ಪಿದ ಸಾಲು ಹುಡುಕಲು ಎರಡು ಸಂಜೆ ಹಿಡಿಯಿತು. ‘ಒಂದು ಸಂಖ್ಯೆಯ ವರ್ಗ 4ರಿಂದ ಭಾಗವಾದರೆ ಆ ಸಂಖ್ಯೆಯೂ ಭಾಗವಾಗುತ್ತದೆ’ ಎಂದು ಬರೆದಿದ್ದೆ. 6ರ ವರ್ಗ 36. 4ರಿಂದ 36 ಶೇಷವಿಲ್ಲದೆ ಭಾಗವಾಗುತ್ತದೆ, 6 ಆಗುವುದಿಲ್ಲ. ಹಾಗಾದರೆ 2ರ ವಿಷಯದಲ್ಲಿ ಆ ಸಾಲು ಯಾಕೆ ನಿಜ ಎಂದು ಅವತ್ತೇ ಮೊದಲ ಸಲ ಕೇಳಿಕೊಂಡದ್ದು. ಪ್ರೂಫಿನ ಜೀವ ಇದ್ದದ್ದೇ ಆ ಸಾಲಿನಲ್ಲಿ, ಪರೀಕ್ಷೆಯಲ್ಲಿ ನಾನು ಅದನ್ನು ಉಸಿರು ಬಿಡದೆ ದಾಟಿಬಿಟ್ಟಿದ್ದೆ.

√3 ಅಭಾಗಲಬ್ಧ ಎಂದು ತೋರಿಸುವುದು ನಿನಗೆ. ಪುಸ್ತಕ ಮುಚ್ಚಿಟ್ಟು ಬರೆ. ಎಲ್ಲಿ ತಡೆಯಿತೋ ಆ ಸಾಲನ್ನು ಅಳಿಸದೆ ನನಗೆ ಕಳಿಸು.